ಇಸವಿ ನೋಡಿ ಮರುಳಾಗಬೇಡಿ

ಮಾನ್ಯರೇ,

ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕವನ ಸಂಕಲನಗಳ ಪ್ರಥಮ ಮುದ್ರಣಗಳನ್ನು ಈಗ ಮನೆಯಲ್ಲಿ ಕುಳಿತೇ ಲಂಡನ್ನಿನ ಹರಾಜಿನಲ್ಲಿ ಕೂಗಬಹುದು. ಹೊಸಬರು ಎಡವುವುದು ಒಂದೇ ಕಡೆ. ಶೀರ್ಷಿಕೆ ಪುಟದಲ್ಲಿ ಹಳೆಯ ಇಸವಿ ಕಂಡರೆ ಸಾಕು, ಮೊದಲ ಮುದ್ರಣವೇ ಎಂದು ನಂಬಿಬಿಡುತ್ತಾರೆ.

ಬ್ರಾಂಟೆ ಸೋದರಿಯರು ಗುಪ್ತನಾಮದಲ್ಲಿ ತಂದ ಕವನಗಳನ್ನೇ ನೋಡಿ. 1846ರಲ್ಲಿ ಏಲಟ್ ಆ್ಯಂಡ್ ಜೋನ್ಸ್ ಪ್ರಕಟಿಸಿದಾಗ ವರ್ಷ ಕಳೆದರೂ ಮಾರಿದ್ದು ಎರಡೇ ಪ್ರತಿ. ಉಳಿದ ಹಾಳೆಗಳನ್ನು 1848ರಲ್ಲಿ 'ಸ್ಮಿತ್, ಎಲ್ಡರ್' ಎಂಬ ಇನ್ನೊಂದು ಪ್ರಕಾಶನ ಸಂಸ್ಥೆ ಕೊಂಡು, ತನ್ನ ಹೆಸರಿನ ಶೀರ್ಷಿಕೆ ಪುಟ ಸೇರಿಸಿ ಮಾರಿತು. ಇಸವಿ ಮಾತ್ರ 1846 ಎಂದೇ ಉಳಿಯಿತು. ಒಳಗಿನ ಹಾಳೆ ಅವೇ, ಬೆಲೆಯಲ್ಲಿ ಅಜಗಜಾಂತರ. ಆದ್ದರಿಂದ ಇಸವಿಗಿಂತ ಮೊದಲು ಪ್ರಕಾಶಕರ ಹೆಸರು ಓದಿ.

ಇದು ಮರುಬಳಕೆಯ ಕತೆಯಾಯಿತು. ಶುದ್ಧ ಮೋಸವೂ ಉಂಟು. ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ಪ್ರೇಮ ಸಾನೆಟ್ಟುಗಳ ಮೊದಲ ಮುದ್ರಣವೆಂದು ತೋರಿಸುವ, ರೆಡಿಂಗ್ ಊರಿನ ಹೆಸರೂ 1847ರ ಇಸವಿಯೂ ಇರುವ ಕಿರುಹೊತ್ತಗೆ ಹುಸಿ. ಅವು ನಿಜಕ್ಕೂ ಮೊದಲು ಅಚ್ಚಾದದ್ದು 1850ರ ಎರಡು ಸಂಪುಟಗಳ ಸಂಕಲನದಲ್ಲಿ. 1934ರಲ್ಲಿ ಪುಸ್ತಕ ವ್ಯಾಪಾರಿಗಳಾದ ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಅದರ ಕಾಗದವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, 1847ರಲ್ಲಿ ಇರಲು ಸಾಧ್ಯವೇ ಇಲ್ಲದ ರಾಸಾಯನಿಕ ಮರದ ತಿರುಳು ಸಿಕ್ಕಿತು. ಎಫ್, ಜೆ ಅಕ್ಷರಗಳ ಮೊಳೆಗಳೂ ದಶಕಗಳ ನಂತರದವು. ಇದರ ಹಿಂದಿದ್ದವನು ಆ ಕಾಲದ ಹೆಸರಾಂತ ಸಂಗ್ರಾಹಕ ಥಾಮಸ್ ವೈಸ್. ತಮಾಷೆಯೆಂದರೆ, ಅವನ ಹುಸಿ ಪ್ರತಿಗಳಿಗೇ ಈಗ ಗಿರಾಕಿಗಳಿದ್ದಾರೆ.

ಡಿ.ವಿ.ಜಿ.ಯವರ 'ಉಮರನ ಒಸಗೆ'ಯಿಂದ ನಮಗೆ ಪರಿಚಿತನಾದ ಪರ್ಷಿಯನ್ ಕವಿ ಉಮರ್ ಖಯ್ಯಾಮನ ಪದ್ಯಗಳ ಫಿಟ್ಜ್‌ಜೆರಾಲ್ಡ್ ಇಂಗ್ಲಿಷ್ ರೂಪವನ್ನು 1859ರಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿ ಕ್ವಾರಿಚ್ ಪ್ರಕಟಿಸಿದ. ಅಚ್ಚಾದದ್ದು 250 ಪ್ರತಿ, ಅನುವಾದಕನ ಹೆಸರಿಲ್ಲ. ಕೊಳ್ಳುವವರಿಲ್ಲದೆ ಪೆನ್ನಿಗೊಂದರಂತೆ ಮಾರುವ ಡಬ್ಬಿಗೆ ಬಿದ್ದಿತ್ತು. ಮೊದಲ ಮುದ್ರಣದಲ್ಲಿ ಪದ್ಯ 75, ಎರಡನೆಯದರಲ್ಲಿ 110, ಮೂರನೆಯದರಲ್ಲಿ 101. ಎಣಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕಾಗದದ್ದು, ಏಕೆಂದರೆ 75 ಪದ್ಯಗಳ ಯಥಾಪ್ರತಿಗಳೂ ಬಂದಿವೆ. ಮೂಲದ ತೆಳು ಕಾಗದದ ಹೊದಿಕೆ ಉಳಿದಿದ್ದರೆ ಅದೃಷ್ಟ.

ಹರಾಜಿಗೆ ಮುನ್ನ ಕಂಡಿಷನ್ ರಿಪೋರ್ಟ್, ಅಂದರೆ ಪುಸ್ತಕದ ಸ್ಥಿತಿಯ ವರದಿ ಕೇಳಿ ತರಿಸಿಕೊಳ್ಳಿ. ಶೀರ್ಷಿಕೆ ಪುಟ, ಅದರ ಹಿಂಬದಿ, ಬೆನ್ನು, ರಟ್ಟು ಸೇರುವ ಸಂದು, ಕೊನೆಯ ಜಾಹೀರಾತು ಹಾಳೆಗಳ ಫೋಟೊ ಬೇಕು. ಹಿಂದೆ ಮರುಬೈಂಡು ಮಾಡುವಾಗ ಅರ್ಧಶೀರ್ಷಿಕೆ ಹಾಳೆಯನ್ನೂ (ಶೀರ್ಷಿಕೆ ಪುಟಕ್ಕೆ ಮುಂಚೆ ಬರುವ, ಬರೀ ಪುಸ್ತಕದ ಹೆಸರಿರುವ ಹಾಳೆ) ಜಾಹೀರಾತನ್ನೂ ಕಿತ್ತೆಸೆಯುವುದು ರೂಢಿಯಾಗಿತ್ತು. ಚಿನ್ನದ ಗೆರೆಯ ಚರ್ಮದ ಬೈಂಡಿಗಿಂತ ಮಾಸಿದ ಮೂಲ ಬಟ್ಟೆಯ ರಟ್ಟೇ ಮೇಲು ಎಂಬುದು ನನ್ನ ಖಚಿತ ಮತ. ಪಟ್ಟಿಯಲ್ಲಿ 'ಡಬ್ಲ್ಯು.ಎ.ಎಫ್.' ಎಂದಿದ್ದರೆ ಕೊರತೆಗಳ ಸಮೇತ ಮಾರಾಟ. ಹಾಳೆ ಕಡಿಮೆ ಬಂದರೂ ವಾಪಸಿಲ್ಲ.

ಕೂಗಿನ ಮೊತ್ತವೇ ಕೊನೆಯ ಬೆಲೆಯಲ್ಲ. ಹರಾಜು ಸಂಸ್ಥೆ ಕೂಗಿನ ಮೇಲೆ ಸೇರಿಸುವ ಪ್ರೀಮಿಯಂ 25%, ಆನ್‌ಲೈನ್ ಶುಲ್ಕ 5% ಇದ್ದರೆ, ಕೈಯಲ್ಲಿ 500 ಪೌಂಡ್ ಇರುವವರು 380ಕ್ಕೇ ನಿಲ್ಲಬೇಕು. ಕೊರಿಯರ್, ಕಸ್ಟಮ್ಸ್ ಬೇರೆ.

ಇನ್ನೊಂದು ಮಾತು. ಆ ಕಾಲದ ಕಡು ಹೊಳಪಿನ ಹಸಿರು ಬಟ್ಟೆಯ ಕೆಲವು ರಟ್ಟುಗಳ ಬಣ್ಣದಲ್ಲಿ ಆರ್ಸೆನಿಕ್, ಅಂದರೆ ಪಾಷಾಣ ಇದೆ. ಅಮೆರಿಕದ ವಿಂಟರ್‌ಥರ್ ಸಂಗ್ರಹಾಲಯ ಇದನ್ನು ಪತ್ತೆ ಹಚ್ಚಿ ಪಟ್ಟಿ ಮಾಡುತ್ತಿದೆ. ಅಂಥ ಪುಸ್ತಕ ಬಂದರೆ ನೈಟ್ರೈಲ್ ಕೈಗವಸು ಹಾಕಿ ಮುಟ್ಟಿ, ಜಿಪ್ ಚೀಲದಲ್ಲಿಡಿ, ಎಂಜಲು ಬೆರಳಲ್ಲಿ ಹಾಳೆ ತಿರುವಬೇಡಿ.

– ಹಳೆ ಪುಸ್ತಕ ಸಂಗ್ರಾಹಕ, ಮೈಸೂರು