ಸನ್‌ಸ್ಕ್ರೀನ್ ಉಳೀಲಿ, ಹೆಸರಿಲ್ಲದ ಕ್ರೀಮ್ ಹೋಗ್ಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣೀಲಿ ಬ್ಯೂಟಿ, ಫ್ಯಾಶನ್ ಟ್ರೆಂಡ್ ಬಗ್ಗೆ ಬಂದಿದ್ದ ಲೇಖನ ಓದಿದೆ. ಗ್ಲಾಸ್ ಸ್ಕಿನ್, ರೈಸ್ ವಾಟರ್, ಬ್ಯಾಗಿ ಪ್ಯಾಂಟು, ಖಣದ ಬ್ಲೌಸು, ಇನ್‌ಸ್ಟಂಟ್ ಮೆಹಂದಿ ಎಲ್ಲಾ ಒಂದೇ ಸಾಲಲ್ಲಿ, ಎಲ್ಲದಕ್ಕೂ ಒಂದೇ ಥರ ಶಹಬ್ಬಾಸ್. ನಾನು ದಾವಣಗೆರೇಲಿ ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಲ್ಲೋಳು, ರೀಲ್ಸಲ್ಲಿ ಏನು ಓಡ್ತಿದೆ ಅಂತ ಫೋನ್ ನೋಡದೇನೇ ಗೊತ್ತಾಗತ್ತೆ ನಂಗೆ, ಬೆಳಗ್ಗೆ ಬಂದು ಏನು ಕೇಳ್ತಾರೋ ಅದೇ. ಇದ್ರಲ್ಲಿ ಕೆಲವು ಉಳೀಬೇಕಾದ್ದು, ಕೆಲವು ಹೋದ್ರೂ ಯಾರಿಗೂ ನಷ್ಟ ಇಲ್ಲ, ಒಂದೆರಡಂತೂ ಅಪಾಯ, ಅದನ್ನ ಬಿಡಿಸಿ ಹೇಳೋರು ಯಾರಾದ್ರೂ ಬೇಕಲ್ವಾ ಅಂತ ಬರೀತಿದೀನಿ.

ಮೊದ್ಲು ಸನ್‌ಸ್ಕ್ರೀನ್. ಹಿಂದೆ ಇದನ್ನ ಕೇಳ್ತಿದ್ದೋರು ಡಾಕ್ಟರ್ ಚೀಟಿ ತಂದೋರು ಮಾತ್ರ, ಈಗ ಕಾಲೇಜು ಹುಡುಗ್ರು, ಬೈಕಲ್ಲಿ ಡೆಲಿವರಿ ಕೊಡೋ ಹುಡುಗ್ರು ಕೂಡ ಬಂದು ಕೇಳ್ತಾರೆ, ನನ್ ಪ್ರಕಾರ ಈ ಟ್ರೆಂಡ್ ಗಲಾಟೇಲಿ ಆಗಿರೋ ಅತೀ ಒಳ್ಳೇ ಕೆಲಸ ಇದೇ. ಆದ್ರೆ ಎಲ್ರೂ ನಂಬರ್ ಹಿಂದೆ ಬಿದ್ದಿದಾರೆ, ಎಸ್‌ಪಿಎಫ್ (ಬಿಸಿಲು ತಡೆಯೋ ಅಳತೆ) 50 ಕೊಡಿ, 70 ಇದ್ಯಾ, 100 ಬರತ್ತಂತಲ್ಲ ಅಂತ. ಚರ್ಮ ಸುಡೋ ಯುವಿಬಿ ಕಿರಣದಲ್ಲಿ 30ರದ್ದು ಸುಮಾರು 97% ತಡೆಯತ್ತೆ, 50ರದ್ದು 98%, ವ್ಯತ್ಯಾಸ ಇಷ್ಟೇ, ಅದೂ ಲ್ಯಾಬಲ್ಲಿ ದಪ್ಪಗೆ ಹಚ್ಚಿ ಅಳೆದ ಲೆಕ್ಕ, ನಾವು ಬಟಾಣಿ ಕಾಳಷ್ಟು ತಗೊಂಡು ಇಡೀ ಮುಖಕ್ಕೆ ಎಳೀತೀವಿ. ತೋರುಬೆರಳು ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದ್ರೆ ಮುಖ ಕತ್ತಿಗೆ ಸರಿಹೋಗತ್ತೆ, ಬಿಸಿಲಲ್ಲೇ ಇರೋರು ಎರಡು ಗಂಟೆಗೊಂದ್ಸಲ ಮತ್ತೆ ಹಚ್ಚಬೇಕು. ಟ್ಯೂಬ್ ಮೇಲೆ ಪಿಎ ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಇರತ್ತಲ್ಲ, ಅದು ಯುವಿಎ ಕಿರಣದ ಲೆಕ್ಕ, ಆ ಕಿರಣ ಮೋಡ ಇದ್ರೂ ಬರತ್ತೆ, ಕಿಟಕಿ ಗಾಜು ದಾಟಿನೂ ಬರತ್ತೆ. ಬಂಗು ಇರೋ ಹೆಣ್ಮಕ್ಕಳಿಗೆ ಟಿಂಟೆಡ್, ಅಂದ್ರೆ ಮೈಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಇನ್ನೂ ಒಳ್ಳೇದು, ಅದರಲ್ಲಿರೋ ಐರನ್ ಆಕ್ಸೈಡ್ ಕಣ್ಣಿಗೆ ಕಾಣೋ ಬೆಳಕನ್ನೂ ಒಂದಷ್ಟು ತಡೆಯತ್ತೆ, ಬಂಗು ಕಪ್ಪಾಗೋಕೆ ಆ ಬೆಳಕೂ ಒಂದು ಕಾರಣ, ಮತ್ತೆ ನಮ್ಮ ಮೈಬಣ್ಣಕ್ಕೆ ಸುಣ್ಣ ಬಳಿದಂಗೆ ಕಾಣೋದೂ ತಪ್ಪತ್ತೆ.

ಇನ್ನೊಂದು ಉಳೀಬೇಕಾದ್ದು ಲೇಬಲ್ ಓದೋ ಚಟ. ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) 5% ಇದ್ಯಾ 10% ಇದ್ಯಾ ಅಂತ ಹುಡ್ಗೀರು ಕೇಳೋದು ನೋಡಿ ಕೆಲವರು ನಗ್ತಾರೆ, ನಂಗೆ ಖುಷಿ. ಮೊದ್ಲು ಡಬ್ಬಿ ಮೇಲೆ ಕೇಸರಿ ಹೂವಿನ ಚಿತ್ರ ಇದ್ರೆ ಸಾಕಿತ್ತು, ಒಳಗೆ ಎಷ್ಟಿದೆ ಏನಿದೆ ಯಾರೂ ಕೇಳ್ತಿರ್ಲಿಲ್ಲ, ಈಗ ಎಷ್ಟೋ ಕಂಪನಿಗಳು ಪರ್ಸೆಂಟ್ ಬರೆದೇ ಮಾರ್ತಿವೆ. ಒಂದರ ಮೇಲೊಂದು ಹಚ್ಚೋ ಕೊರಿಯಾದ ಹತ್ತು ಸ್ಟೆಪ್ಪು ಮಾತ್ರ ಬೇಡಪ್ಪ. ಮೆತ್ತಗಿನ ಫೇಸ್‌ವಾಶ್, ಮಾಯಿಶ್ಚರೈಸರ್, ಬೆಳಗ್ಗೆ ಸನ್‌ಸ್ಕ್ರೀನ್, ಹೆಚ್ಚಿನವರಿಗೆ ಇಷ್ಟ್ ಸಾಕು. ವಿಟಮಿನ್ ಸಿ, ರೆಟಿನಾಲ್ (ವಿಟಮಿನ್ ಎಯ ಒಂದು ರೂಪ), ಗ್ಲೈಕೋಲಿಕ್ ಆಸಿಡ್ ಎಲ್ಲಾ ಒಂದೇ ವಾರದಲ್ಲಿ ಶುರು ಮಾಡಿ ಮುಖ ಉರಿ ಅಂತ ಬರೋರೇ ಜಾಸ್ತಿ, ಅವರಿಗೆ ನಾನು ಕೊಡೋ ಸಲಹೆ ಎಲ್ಲಾ ನಿಲ್ಸಿ ಅನ್ನೋದು, ಇದ್ರಿಂದ ನಮ್ಮ ಓನರ್‌ಗೆ ಸ್ವಲ್ಪ ಬೇಜಾರು. ಬಸುರಿಯರು ರೆಟಿನಾಲ್ ಮುಟ್ಟಬಾರದು ಅನ್ನೋದು ರೀಲ್ಸಲ್ಲಿ ಎಷ್ಟೋ ಸಲ ಹೇಳೋದೇ ಇಲ್ಲ. ಆರನೇ ಕ್ಲಾಸ್ ಹುಡುಗಿಗೆ ಆ್ಯಂಟಿ ಏಜಿಂಗ್ ಕೇಳ್ಕೊಂಡು ತಾಯಂದಿರು ಬರ್ತಾರೆ, ಆ ವಯಸ್ಸಿನ ಚರ್ಮದಲ್ಲಿ ಏಜಿಂಗ್ ಎಲ್ಲಿಂದ ಬರ್ಬೇಕು ಹೇಳಿ.

ಈಗ ನನ್ನ ಅಸಲಿ ವಿಷ್ಯ. ಗ್ಲೋ ಅನ್ನೋ ಹೆಸರಲ್ಲಿ ಬೆಳ್ಳಗಾಗೋ ಆಸೆ ಹಾಗೇ ಕೂತಿದೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಗ್ಲೋ ಅಂಡ್ ಲವ್ಲಿ ಆಯ್ತು, ಕೌಂಟರಲ್ಲಿ ಪ್ರಶ್ನೆ ಬದಲಾಗ್ಲಿಲ್ಲ, ಮದುವೆ ಇನ್ನು ಹದಿನೈದು ದಿನ ಇದೆ ಏನಾದ್ರೂ ಕೊಡಿ ಅಂತಾನೇ ಕೇಳ್ತಾರೆ. ಗೆಳತಿ ಹಚ್ಚಿದ್ಲು ಅಂತ ಖಾಲಿ ಟ್ಯೂಬ್ ಫೋಟೋ ವಾಟ್ಸಾಪಲ್ಲಿ ತೋರಿಸ್ತಾರೆ, ನೋಡಿದ್ರೆ ಬೆಟಾಮೆಥಸೋನ್, ಕ್ಲೋಬೆಟಸಾಲ್, ಇಲ್ಲಾ ಬಣ್ಣ ತಿಳಿ ಮಾಡೋ ಹೈಡ್ರೋಕ್ವಿನೋನ್ ಜೊತೆ ಮೊಮೆಟಸೋನ್, ಅಂದ್ರೆ ಸ್ಟೆರಾಯ್ಡು. ಮೊದಲ ವಾರ ಮುಖ ಫಳಫಳ ಅನ್ನತ್ತೆ, ಆಮೇಲೆ ಚರ್ಮ ತೆಳುವಾಗಿ ಕೆಂಪಾಗತ್ತೆ, ಮೊಡವೆ, ಮುಖದ ಮೇಲೆ ಕೂದಲು, ಬಿಸಿಲಿಗೆ ಹೋದ್ರೆ ಉರಿ, ನಿಲ್ಲಿಸಿದ್ರೆ ಮೊದಲಿಗಿಂತ ಜಾಸ್ತಿ, ಅದಕ್ಕೇ ಮತ್ತೆ ಅದನ್ನೇ ಹಚ್ತಾರೆ. ಹುಳುಕಡ್ಡಿಗೂ ಇದೇ ಕಥೆ, ತುರಿಕೆ ನಿಲ್ಲತ್ತೆ, ಹುಳುಕಡ್ಡಿ ಹರಡ್ತಾ ಹೋಗತ್ತೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಸ್ಟೆರಾಯ್ಡ್ ಕ್ರೀಮುಗಳನ್ನ ಚೀಟಿ ಇಲ್ದೆ ಕೊಡಬಾರದು ಅಂತ ಶೆಡ್ಯೂಲ್ ಎಚ್ ಅನ್ನೋ ಔಷಧಿ ಪಟ್ಟಿಗೆ ಸೇರ್ಸಿತು. ಚೀಟಿ ಇಲ್ದೆ ಕೊಡೋ ಅಂಗಡಿಗಳು ಇನ್ನೂ ಇವೆ, ನಮ್ಮ ಕಸುಬಿನವರೇ, ಇದನ್ನ ಬರೆಯೋಕೆ ನಂಗೇನೂ ಸಂತೋಷ ಇಲ್ಲ.

ಇದಕ್ಕಿಂತ ಕೆಟ್ಟದ್ದು ಹೆಸರು ವಿಳಾಸ ಏನೂ ಇಲ್ಲದ ಡಬ್ಬಿ, ಆನ್‌ಲೈನಲ್ಲೋ ಪಾರ್ಲರಲ್ಲೋ ಸಿಗೋದು. ಅದರಲ್ಲಿ ಪಾದರಸ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದಿದ್ದು ಸುದ್ದಿ ಆಗಿತ್ತು, ಮುಖಕ್ಕೆ ಹಚ್ಚಿದ್ದಕ್ಕೆ ಕಿಡ್ನಿ ಹೋಗತ್ತೆ ಅಂದ್ರೆ ಯಾರೂ ನಂಬಲ್ಲ, ಆದ್ರೆ ಪಾದರಸ ಚರ್ಮದ ಮೂಲಕ ರಕ್ತಕ್ಕೆ ಇಳಿಯತ್ತೆ. ತಯಾರಕರ ವಿಳಾಸ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್ ಇಲ್ವಾ, ಪುಕ್ಕಟೆ ಕೊಟ್ರೂ ತಗೋಬೇಡಿ. ಗ್ಲುಟಾಥಯೋನ್ ಇಂಜೆಕ್ಷನ್ ಬಗ್ಗೆ ನಾನೇನೂ ಬರೆಯಲ್ಲ, ಬಣ್ಣಕ್ಕೋಸ್ಕರ ರಕ್ತನಾಳಕ್ಕೆ ಸೂಜಿ ಚುಚ್ಚಿಸ್ಕೊಳ್ಳೋದು ಯಾವ ಫ್ಯಾಶನ್ನೋ.

ಹಾಗಂತ ಅಜ್ಜಿ ಕಾಲದ್ದೆಲ್ಲ ಸರಿ ಅಂತನೂ ಅಲ್ಲ. ನಿಂಬೆಹಣ್ಣು ಮುಖಕ್ಕೆ ಉಜ್ಜಿ ಬಿಸಿಲಿಗೆ ಹೋದ್ರೆ ಬೊಬ್ಬೆ ಬಂದು ತಿಂಗಳಾನುಗಟ್ಟಲೆ ಕಪ್ಪು ಕಲೆ ಉಳೀಬಹುದು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚೋದು ಮತ್ತೆ ಟ್ರೆಂಡ್ ಆಗಿದೆ, ಅದು ಇರ್ಲಿ, ಕೂದಲ ಎಳೆಯೊಳಗೆ ಇಳಿದು ತೊಳೆಯುವಾಗ ಪ್ರೋಟೀನ್ ಹೋಗೋದನ್ನ ಕಮ್ಮಿ ಮಾಡತ್ತೆ, ಆದ್ರೆ ಹೊಟ್ಟು ಇರೋರು ರಾತ್ರಿಯಿಡೀ ಬಿಡಬೇಡಿ, ಹೊಟ್ಟಿಗೆ ಕಾರಣವಾಗೋ ಫಂಗಸ್ಸಿಗೆ ಎಣ್ಣೆನೇ ಊಟ. ಸೀಗೆಕಾಯಿ ವಾಪಸ್ ಬಂದಿದೆ, ಸಂತೋಷ, ಕಣ್ಣು ಮುಚ್ಕೊಳ್ಳಿ ಅಷ್ಟೇ. ನೀವು ಹೊಗಳಿದ ಇನ್‌ಸ್ಟಂಟ್ ಮೆಹಂದಿ ಕೋನ್ ಮಾತ್ರ ಬೇಡವೇ ಬೇಡ. ನಿಜವಾದ ಗೋರಂಟಿ ಮೊದ್ಲು ಕಿತ್ತಳೆ ಬಣ್ಣ ಕೊಟ್ಟು ಒಂದೆರಡು ದಿನದಲ್ಲಿ ಕಡುಕೆಂಪಾಗೋದು, ಅರ್ಧ ಗಂಟೇಲಿ ಕಪ್ಪಾಗತ್ತೆ ಅಂದ್ರೆ ಒಳಗೆ ಬೇರೇನೋ ಇದೆ ಅಂತಲೇ ಲೆಕ್ಕ, ಕೆಲವು ಕೋನಲ್ಲಿ ಹೇರ್ ಡೈಯಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕನೇ ಇರತ್ತೆ. ಒಂದ್ಸಲ ಅದಕ್ಕೆ ಅಲರ್ಜಿ ಶುರುವಾದ್ರೆ ಜೀವನಪೂರ್ತಿ, ಮುಂದೆ ಹೇರ್ ಡೈ ಹಚ್ಚಿದಾಗ ಮುಖ ಊದ್ಕೊಂಡು ಆಸ್ಪತ್ರೆಗೆ ಓಡ್ಬೇಕಾಗತ್ತೆ.

ಬಟ್ಟೆ ವಿಷ್ಯಕ್ಕೆ ಬಂದ್ರೆ ಮನಸ್ಸಿಗೆ ಸ್ವಲ್ಪ ಹಗುರ. ಸ್ಕಿನ್ನಿ ಜೀನ್ಸ್ ಹೋಗಿ ಸಡಿಲ ಪ್ಯಾಂಟು ಬಂದಿದ್ದು ನಮ್ಮೂರ ಏಪ್ರಿಲ್ ಬಿಸಿಲಿಗೆ ಪುಣ್ಯದ ಕೆಲಸ, ಬಿಗಿ ಬಟ್ಟೇಲಿ ಬೆವರು ನಿಂತು ತೊಡೆ ಸಂದೀಲಿ ಹುಳುಕಡ್ಡಿ ಮಾಡ್ಕೊಂಡೋರಿಗೆ ನಾನು ಮಾರಿರೋ ಕ್ರೀಮಿಗೆ ಲೆಕ್ಕ ಇಲ್ಲ. ಕುರ್ತಾಗೆ ಜೇಬು ಹೊಲಿಸೋದಂತೂ ಯಾವ ಕಾಲಕ್ಕೂ ಹೋಗಬಾರದು, ಹೆಂಗಸರ ಬಟ್ಟೆಗೆ ಜೇಬು ಬರೋಕೆ ಇಷ್ಟು ವರ್ಷ ಯಾಕೆ ಬೇಕಾಯ್ತೋ. ಒಂದೇ ಬೇಜಾರು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರಿದು, ಒಂದು ಕಾಲದ ಹತ್ತಿ ಮಿಲ್ಲುಗಳ ಊರು, ಈಗ ಇಲ್ಲೇ ಅಂಗಡೀಲಿ ಕಾಟನ್ ಫೀಲ್ ಅಂತ ಪಾಲಿಯೆಸ್ಟರ್ ಮಾರ್ತಾರೆ, ಒಳಗಿನ ಪಟ್ಟಿ ತಿರುಗಿಸಿ ನೋಡಿ ತಗೊಳ್ಳಿ.

ಗುಳೇದಗುಡ್ಡದ ಖಣ, ಇಳಕಲ್ ಸೀರೆ ಹುಡ್ಗೀರ ಮೈಮೇಲೆ ವಾಪಸ್ ಬಂದಿರೋದು ನಂಗೆ ಈ ಎಲ್ಲದಕ್ಕಿಂತ ಇಷ್ಟ, ಶೂ ಹಾಕ್ಕೊಂಡು ಇಳಕಲ್ ಉಟ್ರೆ ನಮ್ಮತ್ತೆಯವರು ಮುಖ ತಿರುಗಿಸ್ತಾರೆ, ತಿರುಗಿಸ್ಲಿ. ಆದ್ರೆ ನಿಮ್ಮ ಫೋಟೋದಲ್ಲಿದ್ದ ಕಸೂತಿ ಮಶಿನ್ನಿಂದು ಅಂತ ಅನುಮಾನ ನಂಗೆ. ಕೈ ಕಸೂತೀಲಿ ಗಂಟು ಹಾಕಲ್ಲ, ಗವಂತಿ ಹೊಲಿಗೇಲಿ ಹಾಕಿದ ಗೋಪುರ ರಥ ಎಲ್ಲಾ ಹಿಂದೆ ತಿರುಗಿಸಿದ್ರೂ ಮುಂದಿನ ಥರಾನೇ ಕಾಣತ್ತೆ. ಇಳಕಲ್‌ದೂ ಅಷ್ಟೇ, ಕೈಮಗ್ಗದಲ್ಲಿ ಸೀರೆ ಮೈಯ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಕೊಂಡಿ ಹಾಕಿ ಕೂಡಿಸ್ತಾರೆ, ಆ ಕೆಲಸಕ್ಕೆ ಹಿಡಿಯೋ ಹೊತ್ತು ನೋಡಿದ್ರೆ ಪವರ್‌ಲೂಮ್ ನಕಲು ಯಾಕೆ ಅಷ್ಟು ಅಗ್ಗ ಅಂತ ತಿಳಿಯತ್ತೆ. ಖಣದ ಡಿಸೈನು ಪಾಲಿಯೆಸ್ಟರ್ ಮೇಲೆ ಪ್ರಿಂಟ್ ಹೊಡೆದು ಅದನ್ನೂ ಖಣ ಅಂತ ಮಾರಿದ್ರೆ ಈ ಟ್ರೆಂಡಿನ ದುಡ್ಡು ನೇಕಾರರ ಮನೆಗೆ ಹೋಗಲ್ಲ.

ಸಂಪಾದಕರೇ, ಮುಂದಿನ ಸಲ ಇಂಥ ಪುಟ ಮಾಡೋ ಮೊದ್ಲು ಒಬ್ಬ ಚರ್ಮರೋಗ ತಜ್ಞರನ್ನೂ ಒಬ್ಬ ನೇಕಾರರನ್ನೂ ಮಾತಾಡ್ಸಿ. ಶೆಡ್ಯೂಲ್ ಎಚ್ ಔಷಧಿಗೆ ಇರೋ ಕೆಂಪು ಗೆರೆ ಹೇಗಿರತ್ತೆ ಅಂತ ಒಂದು ಟ್ಯೂಬಿನ ಫೋಟೋ ಹಾಕಿ, ಮದುವೆ ಸೀಸನ್ ಶುರುವಾಗೋ ಮುಂಚೆ ಹಾಕಿದ್ರೆ ಇನ್ನೂ ಉಪಕಾರ. ಕಂಪನಿ ದುಡ್ಡು ಕೊಟ್ಟು ಬರೆಸಿದ್ದಾದ್ರೆ ಜಾಹೀರಾತು ಅಂತ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಬಿಡಿ, ಮೂಲೇಲಿ ಇರುವೆ ಸಾಲಿನ ಥರ ಬೇಡ.

ಇಂತಿ,
ನಿಮ್ಮ ಓದುಗಿ, ದಾವಣಗೆರೆ