ಮೂರು ಕಿವಿಯ ಉಪಕರಣ

ಸೌತಾಂಪ್ಟನ್

ತೀರ್ಥರೂಪರಾದ ಅಪ್ಪನವರಿಗೆ ಪುಟ್ಟಿಯ ನಮಸ್ಕಾರಗಳು. ನಾನು ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಬರೆಯಿರಿ.

ನಾನು ಕಳಿಸಿದ ಫೋಟೋ ನೋಡಿ "ಇದೇನೇ, ಮೂರು ಕಿವಿ!" ಅಂದಿರಲ್ಲ, ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಈ ಕಾಗದ. ಅದು ಗಾಜಿನ ಎಳೆಯೊಳಗೆ ಹೋಗುವ ಬೆಳಕಿನ ಕಂಪನದ ದಿಕ್ಕನ್ನು ಸರಿಪಡಿಸುವ ಉಪಕರಣ. ಕಿವಿಗಳ ಹಾಗೆ ಕಾಣುವುದು ಅದರ ಮೂರು ಬಿಲ್ಲೆ.

ನಿಮ್ಮ ಪೋಲರಾಯ್ಡ್ ಕನ್ನಡಕ ಹಾಕಿಕೊಂಡರೆ ಕುಕ್ಕರಹಳ್ಳಿ ಕೆರೆಯ ನೀರಿನ ಕಣ್ಣು ಕುಕ್ಕುವ ಹೊಳಪು ಅಡಗುತ್ತದಲ್ಲ? ಬೆಳಕಿನ ಕಂಪನಕ್ಕೊಂದು ದಿಕ್ಕಿದೆ. ಕನ್ನಡಕ ಒಂದು ದಿಕ್ಕಿನದನ್ನಷ್ಟೇ ಬಿಡುತ್ತದೆ. ಆದರೆ ಫೈಬರಿನೊಳಗೆ, ಅಂದರೆ ಗಾಜಿನ ತೆಳು ಎಳೆಯೊಳಗೆ, ಹೋದ ಬೆಳಕಿಗೆ ಆ ದಿಕ್ಕು ಉಳಿಯುವುದಿಲ್ಲ. ಎಳೆ ಬಾಗಿದ ಕಡೆ ಗಾಜಿಗೆ ಒತ್ತಡ ಬಿದ್ದು, ಒಂದು ದಿಕ್ಕಿನ ಕಂಪನ ಇನ್ನೊಂದಕ್ಕಿಂತ ಹಿಂದೆ ಬೀಳುತ್ತದೆ. ಮೊನ್ನೆ ಅರ್ಧ ದಿನ ಕೂತು ಆ ದಿಕ್ಕು ಹೊಂದಿಸಿದ್ದೆ. ಯಾರದೋ ಮೊಣಕೈ ಎಳೆಗೆ ತಾಗಿತು, ಮತ್ತೆ ಮೊದಲಿಂದ.

ಆ ಕಿವಿಗಳು ಮಾಡುವುದು ಇಷ್ಟೇ: ಕೆಡಿಸುವ ಬಾಗನ್ನೇ ಲೆಕ್ಕ ಹಾಕಿ ಕೊಡುವುದು. 1980ರಲ್ಲಿ ಲೆಫೆವ್ರ್ ಎಂಬ ಫ್ರೆಂಚ್ ವಿಜ್ಞಾನಿ ತೋರಿಸಿಕೊಟ್ಟ ಉಪಾಯ. 0.125 ಮಿಲಿಮೀಟರ್ ದಪ್ಪದ ಎಳೆಯನ್ನು ಸುಮಾರು 5.5 ಸೆಂಟಿಮೀಟರ್ ಅಗಲದ ಮೂರು ಬಿಲ್ಲೆಗಳಿಗೆ ಸುತ್ತುತ್ತೇವೆ. ನಡುವಿನದಕ್ಕೆ ಎರಡು ಪಟ್ಟು ಸುತ್ತು. ಅಕ್ಕಪಕ್ಕದವು ಒಂದು ದಿಕ್ಕಿನ ಕಂಪನವನ್ನು ಕಾಲು ತರಂಗದಷ್ಟು, ನಡುವಿನದು ಅರ್ಧ ತರಂಗದಷ್ಟು ಹಿಂದೆ ಬೀಳಿಸುತ್ತವೆ. ಬಿಲ್ಲೆ ವಾಲಿಸಿದರೆ ಒತ್ತಡದ ದಿಕ್ಕೂ ವಾಲುತ್ತದೆ. ಬೆಳಕು ಹೇಗೇ ಬಂದಿರಲಿ, ನಮಗೆ ಬೇಕಾದ ದಿಕ್ಕಿಗೆ ತಂದು ನಿಲ್ಲಿಸಬಹುದು.

ನನ್ನದು 1550 ನ್ಯಾನೊಮೀಟರ್ ತರಂಗದುದ್ದದ ಬೆಳಕು, ಕಣ್ಣಿಗೆ ಕಾಣುವುದಿಲ್ಲ. ಬೆಳಕು ಅಳೆಯುವ ಮೀಟರಿನ ಮೇಲೆ ಕಣ್ಣಿಟ್ಟು ಒಂದು ಕಿವಿ ಇಷ್ಟೇ ಇಷ್ಟು ವಾಲಿಸುತ್ತೇನೆ, ಆಮೇಲೆ ಪಕ್ಕದ್ದು, ಮತ್ತೆ ಮೊದಲಿನದು. ನೀವು ಹಳೇ ರೇಡಿಯೋದಲ್ಲಿ ಮೈಸೂರು ಆಕಾಶವಾಣಿ ಹಿಡಿಯುತ್ತಿದ್ದಿರಲ್ಲ, ಹಾಗೇ. ಬೇಡದ ದಿಕ್ಕಿನ ಬೆಳಕು ಸಾವಿರದಲ್ಲೊಂದು ಪಾಲಿಗೆ ಇಳಿದಾಗ ಉಸಿರು ಬಿಗಿಹಿಡಿದು ಎಳೆಗೆ ಟೇಪ್ ಅಂಟಿಸುತ್ತೇನೆ.

ಇನ್ನೊಂದು ವಿಷಯ. 1955ರಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ ಭೌತವಿಜ್ಞಾನಿ, ಬೆಳಕಿನ ಕಂಪನವನ್ನು ಹೀಗೇ ಹಿಂದೆ ಬೀಳಿಸುವ ಹರಳಿನ ಮೂರು ಫಲಕ ಜೋಡಿಸಿ ಹಲವು ಬಣ್ಣಗಳಿಗೂ ಒಂದೇ ಸಮ ಕೆಲಸ ಮಾಡುವ ಹಾಗೆ ಮಾಡಿದ್ದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲೂ ರೀಡರ್ ಆಗಿದ್ದು, ಆಮೇಲೆ ಆಕ್ಸ್‌ಫರ್ಡಿಗೆ ಹೋದವರು, 1969ರಲ್ಲಿ ಅಲ್ಲೇ ತೀರಿಕೊಂಡರು. ಆಕ್ಸ್‌ಫರ್ಡ್ ಇಲ್ಲಿಂದ ದೂರವೇನಲ್ಲ. ಅವರ ಹೆಸರು ಓದಿದಾಗಲೆಲ್ಲ ನನಗೆ ಮನೆ ನೆನಪಾಗುತ್ತದೆ.

ಒಂದು ಕೆಲಸ ಮಾಡಿ ಅಪ್ಪ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಬಿಳಿ ಪುಟ ತೆರೆದು, ನಿಮ್ಮ ಕನ್ನಡಕವನ್ನು ಪರದೆ ಕಪ್ಪಾಗುವ ತನಕ ತಿರುಗಿಸಿ. ನಡುವೆ ಅಮ್ಮನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಹಿಡಿಯಿರಿ. ಮೂಲೆಗಳಲ್ಲಿ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಅದೇ ನಾನು ಹೇಳಿದ ಒತ್ತಡ. ಅಮ್ಮನಿಗೂ ತೋರಿಸಿ, ಏನೆಂದಳು ಅಂತ ಬರೆಯಿರಿ.

ನಿಮ್ಮ
ಪುಟ್ಟಿ