ಏನೂ ಇಲ್ಲ ಅಂತ ಬಂದರೆ?

ವಿರಾಜಪೇಟೆ

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿತು. ಹಾಸ್ಟೆಲ್ ಊಟ, ನಿನ್ನ ಮದ್ದುಸೊಪ್ಪಿನ ಸಂಶೋಧನೆ, ಗೈಡ್ ಬೈದದ್ದು, ಎಲ್ಲ ಓದಿದೆ. ಆದರೆ ಕೊನೆಯ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. "ದೊಡ್ಡಪ್ಪ, ಮದ್ದುಸೊಪ್ಪಿನಲ್ಲಿ ಏನೂ ಇಲ್ಲ ಅಂತ ರಿಸಲ್ಟ್ ಬಂದರೆ ಅಜ್ಜಿಗೆ ಹೇಗೆ ಮುಖ ತೋರಿಸಲಿ?" ರಾತ್ರಿಯೆಲ್ಲ ಅದೇ ಯೋಚನೆ.

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪು ಕುದಿಸಿದ ರಸದಲ್ಲಿ ಮಾಡುವ ಪಾಯಸದ ಬಗ್ಗೆ ನಿನಗೆ ನಾನೇನು ಹೇಳುವುದು. ಮರುದಿನ ಮೂತ್ರ ಕೆಂಪಾದರೆ ಮದ್ದು ಹಿಡಿಯಿತು ಅಂತ ಅಜ್ಜಿ ಈಗಲೂ ಹೇಳುತ್ತಾರೆ. ಬಣ್ಣ ಮೈಯೊಳಗೆ ಹೋಗಿ ಹೊರಗೆ ಬಂತು ಅನ್ನುವುದಕ್ಕೆ ಅದು ಸಾಕ್ಷಿ. ಒಳಗಿದ್ದಾಗ ಏನು ಮಾಡಿತು? ನೀನು ಕೇಳುತ್ತಿರುವುದು ಅದನ್ನೇ ಅಲ್ವಾ? ಇದರಲ್ಲಿ ಅಜ್ಜಿಗೆ ಅವಮಾನ ಆಗುವಂಥದ್ದು ನನಗೆ ಕಾಣುತ್ತಿಲ್ಲ.

ಹಣ್ಣಿನ ರಸ ಕುದಿಸಿ ಮಾಡುವ ನಮ್ಮ ಕಪ್ಪು ಹುಳಿ, ಕಾಚಂಪುಳಿಯನ್ನೇ ನೋಡು. ಆ ಹಣ್ಣಿನ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಅಂತ ಎಷ್ಟು ಮಾತ್ರೆ ಮಾರಿದರು! 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದ ವರದಿ ಬಂತು. ಸುಮಾರು ಅರ್ಧ ಜನಕ್ಕೆ ಅದು, ಉಳಿದವರಿಗೆ ಹುಸಿ ಮಾತ್ರೆ. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಪಂದಿಕರಿಗೆ ಕಾಚಂಪುಳಿ ಹಾಕುವುದು ನಿಂತಿತೇ?

ನಿನ್ನ ಭಯ ನನ್ನನ್ನು ಇಷ್ಟು ಕಾಡಲು ಕಾರಣ ನಿನ್ನ ಅಜ್ಜ. ಅವರಿಗೆ ಬಿಪಿ ಇತ್ತು. ಮಾತ್ರೆ ಬಿಟ್ಟು ಒಬ್ಬ ನಾಟಿ ವೈದ್ಯರ ಬೇರು ನಂಬಿದರು. ಕಲ್ಲಿನ ಮೇಲೆ ತೇಯ್ದು, ಬೆರಳಲ್ಲಿ ಬಳಿದು, ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದರು. ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ. ಆಮೇಲೆ ಲಕ್ವ ಹೊಡೆದು ಮಲಗಿದವರು ಏಳಲಿಲ್ಲ. ಅದು ಯಾವ ಬೇರು, ಅದರಲ್ಲಿ ಏನಿತ್ತು, ಹೇಳುವವರೇ ಇರಲಿಲ್ಲ. "ಇದರಲ್ಲಿ ಏನೂ ಇಲ್ಲ, ಮಾತ್ರೆ ಬಿಡಬೇಡಿ" ಅಂತ ಒಬ್ಬರಾದರೂ ಪರೀಕ್ಷೆ ಮಾಡಿ ಹೇಳಿದ್ದರೆ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆ "ಏನೂ ಇಲ್ಲ" ಅನ್ನುವ ಮಾತಿಗೆ ನೀನು ಹೆದರುತ್ತಿದ್ದೀಯಲ್ಲ ಮಗಳೇ.

ಇದೆ ಅಂತ ಬಂದರೂ ಕೆಲಸ ಮುಗಿಯುವುದಿಲ್ಲ. ಸರ್ಪಗಂಧ ಬಿಪಿ ಇಳಿಸುತ್ತದೆ ಅಂತ ಮುಂಬೈಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬರೆದರು. 1952ರಲ್ಲಿ ಅದರಿಂದ ರಿಸರ್ಪಿನ್ ಅನ್ನುವ ಸತ್ವ ಬೇರ್ಪಡಿಸಿದರು. ಆಮೇಲೆ, ತೆಗೆದುಕೊಂಡ ಕೆಲವರಿಗೆ ಮನಸ್ಸು ಕುಗ್ಗುತ್ತದೆ ಅಂತ ದೂರು ಬಂತು.

ಇನ್ನೊಂದು, ನಿನ್ನ ಗೈಡ್ ಹೇಳಬೇಕಾದದ್ದು, ನಾನು ಬಾಯಿ ಹಾಕುತ್ತಿದ್ದೇನೆ. ಚೀನಾದ ವಿಜ್ಞಾನಿ ಟು ಯೂಯೂ ಅವರಿಗೂ ಮಲೇರಿಯಾ ಸೊಪ್ಪಿನಲ್ಲಿ ಮೊದಲು ಸರಿಯಾಗಿ ಏನೂ ಸಿಗಲಿಲ್ಲ. ಕಾಯಿಸಿದರೆ ಸತ್ವ ಕೆಡುತ್ತದೆ ಅಂತ ಅನುಮಾನ ಬಂದು, 1971ರಲ್ಲಿ ಕಡಿಮೆ ಶಾಖದಲ್ಲಿ ಈಥರ್ ಅನ್ನುವ ದ್ರಾವಕದಿಂದ ತೆಗೆದರು. ಆಗ ಕೆಲಸ ಮಾಡಿತು. ನೀನೂ ಮನೆಯಲ್ಲಿ ಮಾಡುವ ಹಾಗೆ ನೀರಲ್ಲಿ ಕುದಿಸಿ ಒಂದು, ಕುದಿಸದೆ ಒಂದು ನೋಡಬಹುದೇನೋ. ಬೇರೆ ತಿಂಗಳ ಸೊಪ್ಪು ಬೇಕಾದರೆ ಹೇಳು, ತೋಟದ ಬೇಲಿಯಿಂದ ಕಿತ್ತು, ತಾರೀಖು ಬರೆದು ಕಳಿಸುತ್ತೇನೆ. ಸರಿಯಾಗಿ ನಿದ್ದೆ ಮಾಡು.

ಅಷ್ಟೆಲ್ಲ ಮಾಡಿಯೂ ಏನೂ ಇಲ್ಲ ಅಂತಲೇ ಬಂದರೆ, ಹಾಗೇ ಬರೆ. ಒಂದು ಅಂಕಿಯನ್ನೂ ಆಚೀಚೆ ಮಾಡಬೇಡ. ಮೊದಲು ನನಗೆ ಫೋನ್ ಮಾಡು. ಅಜ್ಜಿಗೆ ನಾನೇ ಹೇಳುತ್ತೇನೆ.

ನಿನ್ನ
ದೊಡ್ಡಪ್ಪ